ಪಾರ್ಶ್ವವಾಯು: ವಾಯುವೋ, ರಕ್ತವೋ?

ಪಾರ್ಶ್ವವಾಯು ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸಿದೆಯೆಂದು ನನ್ನ ನಂಬಿಕೆ. ‘ಪಾರ್ಶ್ವ’ವೇನೋ ಸರಿ, ಈ ರೋಗ ಬಹುಮಟ್ಟಿಗೆ ದೇಹದ ಒಂದು ಮಗ್ಗುಲನ್ನೇ ಹಿಡಿಯುತ್ತದೆ. ಆದರೆ ‘ವಾಯು’ವಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಕೆಟ್ಟಿರುವುದು ಕೈಯೂ ಅಲ್ಲ, ಕಾಲೂ ಅಲ್ಲ, ಮಿದುಳಿನ ರಕ್ತನಾಳ. 1658ರಷ್ಟು ಹಿಂದೆಯೇ ಸ್ವಿಟ್ಜರ್ಲೆಂಡಿನ ವೈದ್ಯ ವೆಪ್‌ಫರ್, ಹೀಗೆ ಸತ್ತವರ ಮಿದುಳನ್ನು ಬಿಡಿಸಿ ನೋಡಿ, ಒಳಗೆ ರಕ್ತ ಸೋರಿದ್ದುದನ್ನು ಬರೆದಿಟ್ಟನು. ಮೂರೂವರೆ ಶತಮಾನ ಕಳೆದರೂ ನಮ್ಮಲ್ಲಿ ‘ಗಾಳಿ ಸೋಕಿತು’ ಎಂದು ಸೋತ ಕೈಕಾಲಿಗೆ ಪಾರಿವಾಳದ ರಕ್ತ ತಿಕ್ಕುವವರಿದ್ದಾರೆ.

ಮಿದುಳಿಗೆ ಆಪತ್ತು ಎರಡು ಬಗೆಯಲ್ಲಿ ಬರುತ್ತದೆ. ಕಾಲುವೆಯಲ್ಲಿ ಹೂಳು ಕಟ್ಟಿ ಗದ್ದೆಗೆ ನೀರು ಹರಿಯದಿರುವುದು ಒಂದು; ಏರಿಯೇ ಒಡೆದು ಗದ್ದೆ ಮುಳುಗುವುದು ಇನ್ನೊಂದು. ಹೆಚ್ಚಿನವು ಮೊದಲನೆಯ ಜಾತಿಯವು. ನಾಳದೊಳಗೆ ಕೊಬ್ಬು ಕಟ್ಟಿಯೋ, ತಾಳ ತಪ್ಪಿದ ಹೃದಯದಿಂದ ರಕ್ತದ ಹೆಪ್ಪೊಂದು ತೇಲಿಬಂದೋ ದಾರಿ ಮುಚ್ಚುತ್ತದೆ. ಆಗ ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ಜೋಲುತ್ತದೆ; ಎತ್ತಿದ ಕೈ ತಾನಾಗಿ ಕೆಳಗಿಳಿಯುತ್ತದೆ; ಮಾತು ತೊದಲುತ್ತದೆ, ಇಲ್ಲವೆ ಆಡಿದ ಮಾತು ಅರ್ಥವಾಗುವುದಿಲ್ಲ. ಕೆಲವರಿಗೆ ದೃಷ್ಟಿ ಮಂಕಾಗುವುದೂ ನಡಿಗೆ ತೂರಾಡುವುದೂ ಉಂಟು (ಇಂಥವರನ್ನು ಕುಡಿದವರೆಂದು ನಕ್ಕುಬಿಡುವ ಜನರೂ ಉಂಟು). ನಾಳ ಒಡೆದಾಗ ಇವುಗಳ ಜೊತೆಗೆ ತಲೆನೋವು, ವಾಂತಿ, ಎಚ್ಚರ ತಪ್ಪುವುದು ಹೆಚ್ಚು. ಮಿದುಳಿನ ಹೊರಮೈಯ ನಾಳ ಒಡೆದರಂತೂ ಜನ್ಮದಲ್ಲೇ ಕಾಣದಂಥ ತಲೆನೋವು ಸಿಡಿಲಿನಂತೆ ಎರಗುತ್ತದೆ. ಆದರೂ ಹೊರಗಿನ ಲಕ್ಷಣಗಳಿಂದಲೇ ಇದು ಕಟ್ಟಿದ್ದೋ ಒಡೆದದ್ದೋ ಎಂದು ನಿರ್ಧರಿಸುವುದು ತಜ್ಞರಿಗೂ ಆಗದು, ಸ್ಕ್ಯಾನ್ ಆಗಲೇಬೇಕು. ಆದ್ದರಿಂದ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು ಅಪಾಯ.

ನಾಟಿ ವೈದ್ಯರ ಕೀರ್ತಿಗೆ ಕಾರಣವೇನೆಂದು ಕೇಳಬಹುದು. ಕಾರಣಗಳು ಎರಡು. ಕೆಲವೊಮ್ಮೆ ಹೆಪ್ಪು ತಾನಾಗಿ ಕರಗಿ, ಹತ್ತಾರು ನಿಮಿಷಗಳಲ್ಲಿ ಕೈ ಮೊದಲಿನಂತಾಗುತ್ತದೆ. ಇನ್ನು, ಮುಖದ ನರವೊಂದು ಊದಿಕೊಂಡು ಹಣೆಯೂ ಸೇರಿ ಅರ್ಧ ಮುಖ ಸೋಲುವ ಬೇರೆಯೇ ಒಂದು ಕಾಯಿಲೆಯಿದೆ. ಅದೂ ಬಹುಮಂದಿಯಲ್ಲಿ ವಾರಗಳು ಕಳೆದಂತೆ ವಾಸಿಯಾಗುತ್ತದೆ. ಎರಡರ ಯಶಸ್ಸೂ ಎಣ್ಣೆಗೆ, ಬೇರಿಗೆ, ಪಾರಿವಾಳಕ್ಕೆ ಸಲ್ಲುತ್ತದೆ! ಮೊದಲನೆಯದು ಮುಂಬರುವ ದೊಡ್ಡ ಆಘಾತದ ಮುನ್ಸೂಚನೆ. ಅದರ ಮುಂದಿನ ಕೆಲವು ದಿನಗಳೇ ಅತ್ಯಂತ ಗಂಡಾಂತರದವು. ನಮ್ಮವರು ಹರಕೆ ತೀರಿಸುವುದೂ ಆ ದಿನಗಳಲ್ಲಿಯೇ.

ಮೂಲ ಕಾರಣಗಳಲ್ಲಿ ರಕ್ತದೊತ್ತಡವೇ ಅಗ್ರಗಣ್ಯ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಒತ್ತಡ 1944ರ ಮಾರ್ಚಿಯಲ್ಲೇ 186/108 ಇತ್ತು. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ಭಯಂಕರ ನೋವೆಂದು ಹೇಳಿ ಕುಸಿದಾಗ ಅದು 300ನ್ನು ದಾಟಿತ್ತು. ಅಂದು ಲೋಕದ ಬಲಾಢ್ಯ ರಾಷ್ಟ್ರದ ಅಧ್ಯಕ್ಷರಿಗೂ ದೊರೆಯದಿದ್ದ ಮಾತ್ರೆ ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಆದರೂ ‘ತಲೆಸುತ್ತು ನಿಂತಿತು’ ಎಂದು ಹಿರಿಯರು ಅದನ್ನು ನಡುವೆಯೇ ಬಿಡುತ್ತಾರೆ. ಮಧುಮೇಹ, ಬೀಡಿ ಸಿಗರೇಟು, ಕುಡಿತ ಇವುಗಳ ವಿಷಯ ಎಲ್ಲರಿಗೂ ಗೊತ್ತಿರುವುದೇ. ಬಾಲ್ಯದ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ ನಮ್ಮ ವಯಸ್ಸಿನಲ್ಲೂ ಇದು ತಗಲಬಹುದು.

ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆಗೆ ಮಣ್ಣು ಹಾಕುವುದರ ಜೊತೆಗೆ, ಆರೋಗ್ಯ ಕೇಂದ್ರದವರ ನೆರವಿನಿಂದ ಹಳ್ಳಿಯ ಹಿರಿಯರ ರಕ್ತದೊತ್ತಡವನ್ನೂ ಅಳೆಯಬಾರದೇಕೆ? ಕಲಾ ವಿದ್ಯಾರ್ಥಿಗಳಿಗೆ ಇದು ಸಲ್ಲದೆನ್ನುವವರ ವಾದವನ್ನು ನಾನು ಒಪ್ಪೆನು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಕಟ್ಟಿದ ಕೆಲವರಿಗೆ ಮಾತ್ರ, ನಳಿಕೆ ತೂರಿಸಿ ಹೆಪ್ಪನ್ನು ಹೊರತೆಗೆಯಲು 24 ಗಂಟೆಯವರೆಗೂ ಅವಕಾಶವಿದೆ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಲೆಕ್ಕ ಹಾಕಿದ್ದಾರೆ. 108ಕ್ಕೆ ಕರೆಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಅಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ರೋಗಿಯನ್ನು ಕೊನೆಯ ಬಾರಿ ಸರಿಯಾಗಿದ್ದಂತೆ ಕಂಡದ್ದು ಎಷ್ಟು ಗಂಟೆಗೆ ಎಂಬುದು. ಮನೆಯಲ್ಲಿ ಯಾರಾದರೊಬ್ಬರು ಗಡಿಯಾರ ನೋಡಿ ಅದನ್ನು ಬರೆದಿಟ್ಟುಕೊಂಡಿರಬೇಕು.