ವಿಶ್ವಸುಂದರಿ: ಅಭಿಮಾನಿಯಾಗಿದ್ದವಳ ಮಾತು

2021ರ ಡಿಸೆಂಬರ್‌ನಲ್ಲಿ ಹರ್ನಾಜ್ ಸಂಧು ಭುವನಸುಂದರಿಯಾದಾಗ ನಾನು ಎಂಟನೇ ತರಗತಿಯಲ್ಲಿದ್ದೆ. 2000ದಲ್ಲಿ ಲಾರಾ ದತ್ತಾ ಗೆದ್ದ ಮೇಲೆ ಆ ಕಿರೀಟ ಭಾರತಕ್ಕೆ ಬಂದಿರಲಿಲ್ಲ. ಲಾರಾ ಬೆಂಗಳೂರಿನಲ್ಲಿ ಓದಿದವರು, 1994ರ ವಿಶ್ವಸುಂದರಿ ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದವರು ಎಂದು ತಿಳಿದ ಮೇಲಂತೂ ನನ್ನ ಹುಚ್ಚು ಹೆಚ್ಚಾಯಿತು. ಪರಾಗ್ವೆ ಎಂಬ ದೇಶ ಇದೆ ಎಂದು ಗೊತ್ತಾದದ್ದೇ ಆ ಸುಂದರಿಯರು ಧರಿಸುವ ಪಟ್ಟಿಯಿಂದ. ಎಲ್ಲಕ್ಕಿಂತ ಇಷ್ಟವಾಗುತ್ತಿದ್ದದ್ದು ಕೊನೆಯ ಪ್ರಶ್ನೆಯ ಸುತ್ತು. ಅಷ್ಟು ಜನರ ಮುಂದೆ ಒಬ್ಬ ಹುಡುಗಿ ತಡವರಿಸದೆ ಉತ್ತರ ಕೊಡುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

ಕೆಲವೇ ತಿಂಗಳಲ್ಲಿ ಹರ್ನಾಜ್ ಸ್ವಲ್ಪ ದಪ್ಪಗಾದರು. ಚಪ್ಪಾಳೆ ತಟ್ಟಿದವರೇ ಗೇಲಿ ಮಾಡಿದರು. ತಮಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ಆಗುವುದಿಲ್ಲ ಎಂದು ಅವರು ಎಲ್ಲರ ಮುಂದೆ ವಿವರಣೆ ಕೊಡಬೇಕಾಯಿತು. (ನಮ್ಮ ಮಧುಗಿರಿ ಕಡೆ ಹುಟ್ಟಿದ್ದರೆ ರಾಗಿಮುದ್ದೆ ಉಂಡು ಆರಾಮಾಗಿರುತ್ತಿದ್ದರೇನೋ.) ನನ್ನ ಅಭಿಮಾನ ಕರಗತೊಡಗಿದ್ದು ಆಗ.

ಕಾಮರ್ಸ್ ಸೇರಿದ ಮೇಲೆ ನನಗೊಂದು ಚಟ ಅಂಟಿದೆ: ಯಾವುದನ್ನು ಕಂಡರೂ ಇದಕ್ಕೆ ದುಡ್ಡು ಹಾಕಿದವರು ಯಾರು ಎಂದು ಹುಡುಕುವುದು. ಭುವನಸುಂದರಿ ಸ್ಪರ್ಧೆ ಹುಟ್ಟಿದ್ದು ಈಜುಡುಗೆಯ ವ್ಯಾಪಾರದಿಂದ. 1951ರ ಮಿಸ್ ಅಮೆರಿಕ ಯೊಲಾಂಡ್ ಬೆಟ್ಬೀಜ್, ತಾನು ಈಜುಡುಗೆ ತೊಟ್ಟು ಪ್ರಚಾರಕ್ಕೆ ನಿಲ್ಲುವುದಿಲ್ಲ ಎಂದರು. ಪ್ರಾಯೋಜಕರಾಗಿದ್ದ ಕ್ಯಾಟಲಿನಾ ಕಂಪನಿಯವರು ಸಿಟ್ಟಾಗಿ ಹೊರನಡೆದು 1952ರಲ್ಲಿ ತಮ್ಮದೇ ಸ್ಪರ್ಧೆ ಶುರು ಮಾಡಿದರು. ಒಬ್ಬ ಹುಡುಗಿ ಆಗುವುದಿಲ್ಲ ಎಂದದ್ದಕ್ಕೆ ಇಷ್ಟೆಲ್ಲ!

ಬೆಂಗಳೂರಿಗೂ ಈ ಜಾತ್ರೆ ಬಂದಿತ್ತು. 1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಬೆಂಬಲಕ್ಕೆ ನಿಂತರು. ಸಂಸ್ಕೃತಿ ಕೆಡುತ್ತದೆ ಎಂದವರು ಒಂದು ಕಡೆ ವಿರೋಧಿಸಿದರೆ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಮತ್ತು ಮಹಿಳಾ ಸಂಘಟನೆಗಳು ತಮ್ಮದೇ ಕಾರಣಗಳಿಗೆ ವಿರೋಧಿಸಿದವು. ಮಧುರೈಯಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಸಾವಿರಾರು ಪೊಲೀಸರ ಕಾವಲಿನಲ್ಲಿ ಗ್ರೀಸ್‌ನ ಐರೀನ್ ಸ್ಕ್ಲಿವಾ ಗೆದ್ದರು. ಹುಡುಗಿಯರು ಏನು ತೊಡಬೇಕೆಂದು ಊರೆಲ್ಲ ಮಾತಾಡಿತು. ಅವರನ್ನು ಸಾಲಾಗಿ ನಿಲ್ಲಿಸಿ ಅಂಕ ಹಾಕುವುದೇ ತಪ್ಪು ಎಂದು ಮಹಿಳಾ ಸಂಘಟನೆಗಳು ಹೇಳಿದ್ದು ನನಗೆ ಸರಿ ಕಾಣುತ್ತದೆ, ಆದರೆ ಆ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಕಡಿಮೆ.

ಏಕೆಂದರೆ ಅಂಕ ಹಾಕುವ ಕೆಲಸ ನಮ್ಮ ಮನೆಗಳಲ್ಲೂ ನಡೆಯುತ್ತದೆ. ಟೀವಿಯಲ್ಲಿ ಸುಂದರಿಯರು ಬಂದರೆ "ತೌಬಾ" ಎಂದು ಬಂದ್ ಮಾಡುವ ಹಿರಿಯರೇ ರಿಶ್ತಾ ನೋಡಲು ಹೋದಾಗ ಹುಡುಗಿಯ ಬಣ್ಣ ನೋಡುತ್ತಾರೆ, ಎತ್ತರ ನೋಡುತ್ತಾರೆ, ನೀರು ತರಿಸುವ ನೆಪದಲ್ಲಿ ನಡಿಗೆ ನೋಡುತ್ತಾರೆ. ಶಿರಾ, ಕೊರಟಗೆರೆ, ಪಾವಗಡದಿಂದ ಬರುವ ಗೆಳತಿಯರನ್ನು ಕೇಳಿದೆ. ಅವರಲ್ಲಿ ಹಿಂದೂ ಹುಡುಗಿಯರೂ ಇದ್ದಾರೆ. ಅವರ ಮನೆಯಲ್ಲಿ ಇದಕ್ಕೆ ಹೆಣ್ಣು ನೋಡುವ ಶಾಸ್ತ್ರ ಎನ್ನುತ್ತಾರೆ, ಉಪ್ಪಿಟ್ಟು ಕೊಡುತ್ತಾರೆ, ಉಳಿದದ್ದೆಲ್ಲ ಅದೇ. ಆ ಸ್ಪರ್ಧೆಯಲ್ಲಾದರೂ ಕೊನೆಗೆ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾರೆ.

ನನ್ನ ಖಾಲಾ ಮಗಳು, ನಾನು ಆಪಾ ಎಂದು ಕರೆಯುವವಳು, ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಕಳೆದ ತಿಂಗಳು ಬಂದವರು ಅವಳನ್ನು ಕೇಳಿದ್ದು ಹೆಸರು ಮಾತ್ರ. ನಂತರ "ಬಣ್ಣ ಸ್ವಲ್ಪ ಕಡಿಮೆ" ಎಂದು ಫೋನಿನಲ್ಲಿ ತಿಳಿಸಿದರು. ಆಪಾ ಎರಡು ದಿನ ಊಟ ಬಿಟ್ಟಳು. ಈ ಭಾನುವಾರ ಇನ್ನೊಂದು ಮನೆಯವರು ಬರುತ್ತಾರಂತೆ. ಈ ಸಲ ತಾನೇ ಕೇಳಬೇಕೆಂದು ಅವಳು ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದಾಳೆ. ಮೊದಲನೆಯದು, ಎಂ.ಕಾಂ. ಓದಲು ಬಿಡುತ್ತೀರಾ? ಉಳಿದ ಎರಡನ್ನು ನನಗೂ ತೋರಿಸಿಲ್ಲ.