ಒಂದೇ ರಾತ್ರೀಲಿ ಬೆಳ್ಳನೆ ಹಲ್ಲು? ಸ್ವಲ್ಪ ತಡೀರಿ

"ಗುಟ್ಕಾ ತಿಂತೀರಾ?" ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವರಲ್ಲಿ ಎಷ್ಟೋ ಮಂದಿ ಈ ಪ್ರಶ್ನೆ ಕೇಳಿಸಿಕೊಂಡಿರ್ತಾರೆ. ನನಗೂ ಕೇಳ್ಯಾರ. ಅಡಿಕೆ ಚೂರನ್ನೂ ಬಾಯಿಗೆ ಹಾಕದ ನನ್ನ ಮುಂದಿನ ಹಲ್ಲಿನ ಮ್ಯಾಲೆ ಕಂದು ಗೆರೆ ಅದಾವ ನೋಡ್ರಿ, ಅವು ಊರಿನ ಬೋರ್‌ವೆಲ್ ನೀರು ಕೊಟ್ಟ ಗುರುತು.

ವಿಜಯಪುರ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಎನಾಮೆಲ್ ಸರಿಯಾಗಿ ಬಲಿಯುವುದಿಲ್ಲ. ಆ ಕಲೆ ಮೇಲೆ ಅಂಟಿದ ಕೊಳೆಯಲ್ಲ, ಎನಾಮೆಲ್‌ನಲ್ಲೇ ಇರುವಂಥದ್ದು. ಎಷ್ಟು ತಿಕ್ಕಿದರೂ ಹೋಗಲ್ಲ.

ಆದರೂ ಮದುವೆ ಗೊತ್ತಾದ ಕೂಡಲೇ ನಾವು ಆನ್‌ಲೈನ್‌ನಲ್ಲಿ ಜೆಲ್ ಹುಡುಕ್ತೀವಿ. ರಾತ್ರಿ ಹಚ್ಚುವ ಪದ್ಧತಿ ಸುಳ್ಳಲ್ಲ. 1989ರಲ್ಲಿ ಅಮೆರಿಕದ ಹೇವುಡ್ ಮತ್ತು ಹೇಮನ್ ಎಂಬ ದಂತವೈದ್ಯರು ಇದರ ಬಗ್ಗೆ ಬರೆದರು. ಹಲ್ಲಿನ ಅಳತೆಗೆ ಮಾಡಿದ ಟ್ರೇ, ಅದರೊಳಗೆ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್. ಅದರಿಂದ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಬಿಡುಗಡೆಯಾಗಿ ಹಲ್ಲಿನೊಳಗಿನ ಬಣ್ಣವನ್ನು ತಿಳಿಗೊಳಿಸುತ್ತದೆ. ಆದರೆ ಇದು ಒಂದು ರಾತ್ರಿಯ ಕೆಲಸವಲ್ಲ, ವಾರಗಳೇ ಬೇಕು. ವೈದ್ಯರ ನಿಗಾದಲ್ಲಿ ಮಾಡಿದರೆ ಎನಾಮೆಲ್‌ಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಕೆಲವು ದಿನ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನಬಹುದು. ಎಷ್ಟು ಪ್ರಮಾಣದ ರಾಸಾಯನಿಕ ಇದೆಯೆಂದೇ ಬರೆಯದ ಜೆಲ್ ಹಚ್ಚಿ ಮಲಗಿದರೆ ಒಸಡು ಸುಡಬಹುದು, ಎನಾಮೆಲ್‌ನ ಖನಿಜವೂ ಕರಗಬಹುದು. ನಮ್ಮಂಥ ಹಲ್ಲಿಗೆ ಇನ್ನೊಂದು ತೊಂದರೆ: ಕಂದು ಬಣ್ಣ ತುಸು ತಿಳಿಯಾದರೂ ಬಿಳಿ ಮಚ್ಚೆಗಳು ಹಾಗೇ ಉಳಿಯುತ್ತವೆ, ಕೆಲವೊಮ್ಮೆ ಮೊದಲಿಗಿಂತ ಎದ್ದು ಕಾಣುತ್ತವೆ.

ಹಂಗಾದ್ರ ಲಿಂಬೆಹಣ್ಣು ತಿಕ್ಕೋಣೇನು ಅಂತೀರಾ? ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದ್ದು ನಮಗೆಲ್ಲ ಹೆಮ್ಮೆ, ಖರೆ. ಆದರೆ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಲಿಂಬೆರಸದ್ದು ಸುಮಾರು 2ರಿಂದ 3. ಚರ್ಮದ ಹಾಗೆ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಮೊದಲು ಕಲೆ ಯಾವುದೆಂದು ದಂತವೈದ್ಯರಿಗೆ ತೋರಿಸಿ. ಫ್ಲೋರೈಡ್ ಕಲೆಗೆ ಮೈಕ್ರೋಅಬ್ರೇಷನ್, ಕಾಂಪೋಸಿಟ್, ವೆನೀರ್ ಅಂತ ದಾರಿಗಳಿವೆ. ಏನೂ ಮಾಡಿಸದೆ ಹಾಯಾಗಿ ನಗುವುದೂ ಒಂದು ದಾರಿಯೇ.

ಇವತ್ತು ರಾತ್ರಿ ಜೆಲ್ ಆರ್ಡರ್ ಮಾಡುವ ಬದಲು ಊರಿಗೊಂದು ಫೋನ್ ಮಾಡಿ. ಮನೆಯ ಸಣ್ಣ ಮಕ್ಕಳು ಯಾವ ನೀರು ಕುಡಿಯುತ್ತಿದ್ದಾರೆ, ಅದನ್ನು ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ ಅನ್ನೋದನ್ನೂ ಹೇಳಿ. ಆರ್‌ಒ ಶುದ್ಧೀಕರಣದಲ್ಲಿ ಹೋಗುತ್ತದೆ. ನಮ್ಮ ಹಲ್ಲಿನ ಕಾಲ ಮುಗೀತು, ಅವರದು ಇನ್ನೂ ಒಸಡಿನೊಳಗೈತಿ.