ಬೇಸಗೆಯ ರಜೆಯೂ ಬಾಗಿಲು ತೆರೆದ ಕಲಾಮಂದಿರವೂ



2023ರ ಬೇಸಗೆಯಲ್ಲಿ ನಾನು ಮಗಳ ಮನೆಗೆಂದು ಅಮೆರಿಕದ ಹ್ಯೂಸ್ಟನ್ ನಗರಕ್ಕೆ ಹೋಗಿದ್ದ ಸಂಗತಿ ನಿಮ್ಮಲ್ಲಿ ಬಹುಮಂದಿಗೆ ತಿಳಿದೇ ಇದೆ. ಅಲ್ಲಿನ ಮೀನಾಕ್ಷಿ ದೇವಸ್ಥಾನ, ನಾಸಾದ ಬಾಹ್ಯಾಕಾಶ ಕೇಂದ್ರ, ಕನ್ನಡಿಗರ ಮನೆಗಳ ಊಟೋಪಚಾರ ಇವನ್ನೆಲ್ಲ ಬಂದವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಒಂದನ್ನು ಮಾತ್ರ ಹೇಳದೆ ಉಳಿಸಿಕೊಂಡಿದ್ದೆ. ಅದನ್ನು ಬರೆಯಹೊರಟರೆ ನಾನು ಅಧ್ಯಾಪಕಿಯಾಗಿ ಮಾಡಿದ ತಪ್ಪೊಂದನ್ನೂ ಬರೆಯಲೇಬೇಕಾಗುತ್ತದೆ ಎಂಬ ಅಳುಕು ಅದಕ್ಕೆ ಕಾರಣ.

ಆ ವರ್ಷ ಅಲ್ಲಿ ವಿಪರೀತ ಬಿಸಿಲು. ದಿನದಿನವೂ 38 ಡಿಗ್ರಿಯ ಆಸುಪಾಸು. ನಮ್ಮ ರಾಯಚೂರು, ಕಲಬುರಗಿಯವರಿಗೆ ಇದೇನು ಮಹಾ ಎನಿಸೀತು. ಆದರೆ ಸಮುದ್ರ ಸಮೀಪದ ಆ ಊರಿನ ಸೆಕೆ ಮಂಗಳೂರನ್ನು ನೆನಪಿಗೆ ತರುವಂಥದು. ಸಂಜೆಯ ವಾಯುವಿಹಾರವೂ ಅಸಾಧ್ಯವಾಗಿತ್ತು. ಮಗಳು ಒಂದು ದಿನ ಕಚೇರಿಗೆ ಹೋಗುವ ದಾರಿಯಲ್ಲಿ, “ಅಮ್ಮ, ಇಲ್ಲಿ ತಂಪಾಗಿರುತ್ತದೆ, ಟಿಕೆಟ್ಟೂ ಇಲ್ಲ, ಊಟದ ಹೊತ್ತಿಗೆ ಬರುತ್ತೇನೆ” ಎಂದು ಹೇಳಿ ಒಂದು ಕಟ್ಟಡದ ಮುಂದೆ ಇಳಿಸಿ ಹೋದಳು. ಕಲೆಯ ಮೇಲಿನ ಪ್ರೀತಿಯಿಂದ ನಾನು ಅಲ್ಲಿಗೆ ಹೋದವಳಲ್ಲ. ಹವಾನಿಯಂತ್ರಣದ ಆಸೆಯಿಂದ ಹೋದವಳು.

ಅದು ಹ್ಯೂಸ್ಟನ್ನಿನ ಸಮಕಾಲೀನ ಕಲಾ ವಸ್ತುಸಂಗ್ರಹಾಲಯ. ಹೊರಗಿನಿಂದ ನೋಡಿದರೆ ಓರೆಯಾಗಿ ನಿಲ್ಲಿಸಿದ ಉಕ್ಕಿನ ಪೆಟ್ಟಿಗೆ. ಗುನ್ನಾರ್ ಬಿರ್ಕರ್ಟ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡ 1972ರಲ್ಲಿ ತೆರೆಯಿತು. ಸಂಸ್ಥೆ ಅದಕ್ಕಿಂತ ಹಳೆಯದು. 1948ರಲ್ಲಿ ಊರಿನ ಕೆಲವು ನಾಗರಿಕರು ಸೇರಿ, ತಮ್ಮ ಕಾಲದ ಕಲೆಯನ್ನು ತಮ್ಮೂರಿನಲ್ಲೇ ನೋಡಬೇಕೆಂಬ ಹಂಬಲದಿಂದ ಕಟ್ಟಿಕೊಂಡ ಸಂಘವದು. ವಿಚಿತ್ರವೆಂದರೆ ಇದು ಹೆಸರಿಗೆ ವಸ್ತುಸಂಗ್ರಹಾಲಯವಾದರೂ ಇದರಲ್ಲಿ ಸಂಗ್ರಹವೇ ಇಲ್ಲ! ಪ್ರದರ್ಶನಗಳು ಬರುತ್ತವೆ, ಹೋಗುತ್ತವೆ. ಪ್ರವೇಶಕ್ಕೆ ಶುಲ್ಕವಿಲ್ಲ. ನಾನು ಅಭ್ಯಾಸಬಲದಿಂದ ಪರ್ಸು ತೆರೆದಾಗ ಬಾಗಿಲಲ್ಲಿದ್ದ ಯುವಕ ನಕ್ಕು, ಒಳಗೆ ಹೋಗಿ ಎಂದು ಕೈ ತೋರಿಸಿದ.

ಒಳಗೆ ಮಿಂಗ್ ಸ್ಮಿತ್ ಎಂಬ ಆಫ್ರಿಕನ್ ಅಮೆರಿಕನ್ ಛಾಯಾಗ್ರಾಹಕಿಯ ಬೇಸಗೆಯ ಪ್ರದರ್ಶನ ನಡೆದಿತ್ತು. ಮೊದಲ ನಾಲ್ಕೈದು ಚಿತ್ರಗಳನ್ನು ನೋಡಿದಾಗ ನನಗನಿಸಿದ್ದು, ಪಾಪ, ಈಕೆಯ ಕೈ ನಡುಗಿದೆ ಎಂದು. ಎಲ್ಲವೂ ಮಸುಕು. ಮನುಷ್ಯರು ಹೊಗೆಯಂತೆ ಕರಗಿಹೋಗಿದ್ದಾರೆ. ನಮ್ಮೂರಿನ ಸ್ಟುಡಿಯೋದವನು ಇಂಥ ಫೋಟೋ ಕೊಟ್ಟಿದ್ದರೆ ದುಡ್ಡು ವಾಪಸು ಕೇಳುತ್ತಿದ್ದೆವು. ನಾನು ಒಂದರ ಮುಂದೆ ಬಹಳ ಹೊತ್ತು ನಿಂತದ್ದನ್ನು ಕಂಡು ಅಲ್ಲಿಯ ಮೇಲ್ವಿಚಾರಕಿಯೊಬ್ಬಳು, ಇಪ್ಪತ್ತರ ಹರೆಯದವಳಿರಬೇಕು, ಹತ್ತಿರ ಬಂದಳು. ನಾನು ಸಂಕೋಚವಿಲ್ಲದೆ, ಕ್ಯಾಮೆರಾ ಕೆಟ್ಟಿತ್ತೇ ಎಂದು ಕೇಳಿಬಿಟ್ಟೆ. ಆಕೆ ನಗಲಿಲ್ಲ. ಬೆಳಕು ಕಡಿಮೆಯಿದ್ದಲ್ಲಿ ಷಟರನ್ನು ನಿಧಾನವಾಗಿ ಬಿಡುವುದು ಇವರ ಕ್ರಮ, ಜಾಸ್ ಸಂಗೀತಗಾರರ ನಡುವೆ ಬದುಕಿದವರು, ಕುಣಿಯುವವನ ಕುಣಿತವನ್ನೇ ಹಿಡಿಯಬೇಕೆಂಬುದು ಇವರ ಆಸೆ, ಎಂದು ತಾಳ್ಮೆಯಿಂದ ವಿವರಿಸಿದಳು. ಇನ್ನೊಂದು ಸಂಗತಿಯನ್ನೂ ಹೇಳಿದಳು. 1970ರ ದಶಕದ ಕೊನೆಯಲ್ಲಿ ಮಿಂಗ್ ಸ್ಮಿತ್ ತಮ್ಮ ಚಿತ್ರಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯಕ್ಕೆ ಕೊಡಲು ಹೋದಾಗ, ಅಲ್ಲಿದ್ದವರು ಇವರನ್ನು ಯಾರದೋ ಕೆಲಸಗಳನ್ನು ತಲುಪಿಸಲು ಬಂದ ಕೊರಿಯರ್ ಎಂದು ತಿಳಿದರಂತೆ. ಆ ಸಂಸ್ಥೆ ಕೊಂಡುಕೊಂಡ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳಾ ಛಾಯಾಗ್ರಾಹಕಿ ಈಕೆಯೇ.

ಎಲ್ಲವೂ ನನಗೆ ಅರ್ಥವಾಯಿತೆಂದು ಹೇಳಿದರೆ ಸುಳ್ಳಾದೀತು. ಕೆಲವು ಚಿತ್ರಗಳ ಮೇಲೆ ಬಣ್ಣ ಬಳಿದದ್ದು ಏಕೆಂದು ಈಗಲೂ ತಿಳಿದಿಲ್ಲ. ಆದರೆ ಮೂರನೆಯ ಸಲ ಹೋದಾಗ (ಹೌದು, ಮೂರು ಸಲ ಹೋದೆ!) ಆ ಮಸುಕು ನನಗೆ ದೋಷವಾಗಿ ಕಾಣಿಸಲಿಲ್ಲ. ಟಿಕೆಟ್ಟಿಗೆ ಹದಿನೈದು ಡಾಲರ್ ಇದ್ದಿದ್ದರೆ ನಾನು ಒಂದು ಸಲವೂ ಹೋಗುತ್ತಿರಲಿಲ್ಲ, ರೂಪಾಯಿಗೆ ಗುಣಿಸಿ ಹಿಂದಿರುಗುತ್ತಿದ್ದೆ. ಅರ್ಥವಾಗದ ವಸ್ತುವಿನ ಬಳಿಗೆ ಮತ್ತೆ ಮತ್ತೆ ಹೋಗುವ ಸಲಿಗೆಯನ್ನು ನನಗೆ ಕೊಟ್ಟದ್ದು ಆ ತೆರೆದ ಬಾಗಿಲು.

ಆ ಸಂಸ್ಥೆಯಲ್ಲಿ 1999ರಿಂದ ಪ್ರೌಢಶಾಲಾ ವಯಸ್ಸಿನ ಮಕ್ಕಳದೇ ಒಂದು ಮಂಡಳಿ ಇದೆ. ಅವರು ಕಾರ್ಯಕ್ರಮಗಳನ್ನು ನಡೆಸುತ್ತಾರೆ, ಕೆಲವೊಮ್ಮೆ ಇಡೀ ಪ್ರದರ್ಶನವನ್ನೇ ರೂಪಿಸುತ್ತಾರೆ. ಯಾವ ಚಿತ್ರ ಎಲ್ಲಿ ತೂಗಬೇಕೆಂದು ಹದಿನಾರು ವರ್ಷದ ಹುಡುಗಿ ನಿರ್ಧರಿಸುತ್ತಾಳೆಂದು ಕೇಳಿ ನನಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು.

ಅದೇ ಊರಿನ ಥರ್ಡ್ ವಾರ್ಡ್ ಎಂಬ ಕಪ್ಪು ಜನರ ಬಡಾವಣೆಗೂ ಮಗಳು ಒಂದು ಭಾನುವಾರ ಕರೆದೊಯ್ದಳು. ಅಲ್ಲಿ ಸಾಲಾಗಿ 22 ಪುಟ್ಟ ಹಲಗೆ ಮನೆಗಳು. ಪಾಳುಬಿದ್ದಿದ್ದ ಅವನ್ನು 1993ರಲ್ಲಿ ರಿಕ್ ಲೋ ಮೊದಲಾದ ಏಳು ಮಂದಿ ಕಲಾವಿದರು ಕೈಗೆತ್ತಿಕೊಂಡು ಪ್ರಾಜೆಕ್ಟ್ ರೋ ಹೌಸಸ್ ಎಂಬ ಸಂಸ್ಥೆ ಕಟ್ಟಿದರು. ಕೆಲವು ಮನೆಗಳಲ್ಲಿ ಕಲಾಕೃತಿಗಳು, ಕೆಲವು ಒಂಟಿ ತಾಯಂದಿರ ವಾಸಕ್ಕೆ. ಬೇಸಗೆಯಲ್ಲಿ ಕಲಾವಿದ್ಯಾರ್ಥಿಗಳಿಗೆ ಮನೆಗಳನ್ನು ಬಿಟ್ಟುಕೊಟ್ಟು ಕೆಲಸಕ್ಕೆ ಅವಕಾಶ ಕೊಡುವ ಪದ್ಧತಿಯೂ ಉಂಟು. ಇದರ ಹುಟ್ಟಿನ ಕಥೆ ಅಧ್ಯಾಪಕರೆಲ್ಲ ಕೇಳಬೇಕಾದದ್ದು. ಲೋ ಅವರ ಸ್ಟುಡಿಯೋ ನೋಡಲು ಬಂದಿದ್ದ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬ, ನಮ್ಮ ಕಷ್ಟಗಳನ್ನು ನಮಗೇ ಚಿತ್ರ ಬರೆದು ತೋರಿಸುವುದೇಕೆ, ಅವು ನಮಗೆ ಗೊತ್ತೇ ಇವೆ, ಕಲಾವಿದರಾದವರು ಪರಿಹಾರವನ್ನೇಕೆ ಸೃಷ್ಟಿಸಬಾರದು ಎಂಬರ್ಥದ ಪ್ರಶ್ನೆ ಕೇಳಿದನಂತೆ. ನಮ್ಮ ತರಗತಿಯಲ್ಲಿ ಆ ಹುಡುಗ ಇದ್ದಿದ್ದರೆ ಅಧಿಕಪ್ರಸಂಗಿ ಎನಿಸಿಕೊಂಡು ಹೊರಗೆ ನಿಲ್ಲುತ್ತಿದ್ದ. ಲೋ ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಅವರಿಗೆ 2014ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು.

ಈಗ ನನ್ನ ತಪ್ಪಿನ ವಿಚಾರ. ನನ್ನ ಕೈಯಲ್ಲಿ ಕಲಿತವರಿಗೆ ನೆನಪಿರಬೇಕು: ಶುಕ್ರವಾರದ ಕೊನೆಯ ಪೀರಿಯಡ್ ಚಿತ್ರಕಲೆ. ಜನವರಿ ಬಂತೆಂದರೆ ನಾನು ಎಸ್ಸೆಸ್ಸೆಲ್ಸಿ ಪೋರ್ಷನ್ ಮುಗಿಸಬೇಕೆಂಬ ನೆಪದಲ್ಲಿ ಆ ಪೀರಿಯಡನ್ನು ಸಮಾಜ ವಿಜ್ಞಾನಕ್ಕೆ ಕಸಿದುಕೊಳ್ಳುತ್ತಿದ್ದೆ. ಮೊದಮೊದಲು ಜನವರಿಯಿಂದ, ಆಮೇಲಾಮೇಲೆ ನವೆಂಬರಿನಿಂದಲೇ. ನಮ್ಮ ಡ್ರಾಯಿಂಗ್ ಮೇಷ್ಟ್ರು ಸಾಧು ಮನುಷ್ಯ. ಒಂದೇ ಒಂದು ಸಲ, “ಮೇಡಂ, ಲೋಯರ್ ಗ್ರೇಡ್ ಪರೀಕ್ಷೆಗೆ ಹನ್ನೊಂದು ಮಕ್ಕಳು ಕಟ್ಟಿದ್ದಾರೆ, ಇದೊಂದು ವಾರ ಬಿಟ್ಟುಕೊಡಿ” ಎಂದು ಕೇಳಿದರು. ನಾನು ಬಿಟ್ಟುಕೊಡಲಿಲ್ಲ. ಅವರು ನಿವೃತ್ತರಾದ ಮೇಲೆ ಆ ಹುದ್ದೆ ನಾನಿದ್ದಷ್ಟು ಕಾಲ ಭರ್ತಿಯಾಗಲೇ ಇಲ್ಲ. ನಾವ್ಯಾರೂ ಕೇಳಲೂ ಇಲ್ಲ. ಒಂದು ಪೀರಿಯಡ್ ಉಳಿಯಿತೆಂದು ಒಳಗೊಳಗೇ ಸಂತೋಷಪಟ್ಟೆವು.

ಆದ್ದರಿಂದ ಸರ್ಕಾರವನ್ನು ಮಾತ್ರ ದೂರುವ ಹಕ್ಕು ನನಗಿಲ್ಲ. ಆದರೂ ಹೇಳಬೇಕಾದದ್ದನ್ನು ಹೇಳುತ್ತೇನೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಡಂಬಡಿಕೆ 2015ರಲ್ಲಿ ಆದಾಗ, ಕಲಾವಿದರು ಮರುವರ್ಷ ಬೀದಿಗಿಳಿದು ವಿರೋಧಿಸಿದರು. ಪತ್ರಿಕೆಯಲ್ಲಿ ಓದಿ, ಇದು ಕಲಾವಿದರ ಜಗಳ, ನಮಗೇನು ಎಂದು ಪುಟ ಮಗುಚಿದವಳು ನಾನು. ಕಡಿಮೆ ಬಾಡಿಗೆಯ ಆ ಗೋಡೆಗಳ ಮೇಲೆ ಹೆಸರಿಲ್ಲದ ಹುಡುಗರು ತಮ್ಮ ಮೊದಲ ಪ್ರದರ್ಶನ ಮಾಡುತ್ತಾರೆಂಬುದು ಆಗ ನನಗೆ ದೊಡ್ಡ ವಿಷಯವೆನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಜನವರಿಯ ಚಿತ್ರಸಂತೆ ಒಂದು ದಿನದ ಜಾತ್ರೆ. ಅದು ಬೇಕು, ಆದರೆ ಸಾಲದು. ಬೇಸಗೆ ಶಿಬಿರಗಳೆಂದರೆ ಸಾವಿರಾರು ರೂಪಾಯಿ ಶುಲ್ಕ, ಅದೂ ನಗರದ ಮಕ್ಕಳಿಗೆ. ತಾಲ್ಲೂಕಿನ ಮಗುವಿಗೆ ಏಪ್ರಿಲ್, ಮೇ ಎಂದರೆ ಮೊಬೈಲು, ಇಲ್ಲವೇ ಮಾವಿನ ತೋಪು. ಮಾವಿನ ತೋಪಿನ ಬಗ್ಗೆ ನನ್ನ ತಕರಾರಿಲ್ಲ.

ನಮಗೆ ಉಕ್ಕಿನ ಕಟ್ಟಡ ಬೇಕಾಗಿಲ್ಲ. ಆ ಎರಡು ತಿಂಗಳು ಪ್ರತಿ ಊರಿನ ಸರ್ಕಾರಿ ಶಾಲೆಯ ಕೊಠಡಿಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿರುತ್ತವೆ. ಎರಡು ಕೊಠಡಿ, ಎಂಟು ಗೋಡೆ, ಒಂದಿಷ್ಟು ಮೊಳೆ ಮತ್ತು ದಾರ ಸಾಕು. ಊರ ಮಕ್ಕಳು ಬರೆದದ್ದು, ಹಸೆ ಚಿತ್ತಾರ ಬಲ್ಲ ಅಜ್ಜಿ ಇದ್ದರೆ ಆಕೆಯದು, ಹತ್ತಿರದ ಕಲಾಶಾಲೆಯ ಹುಡುಗರದು, ಎಲ್ಲವೂ ಅಕ್ಕಪಕ್ಕ ಇರಲಿ. ಯಾವುದು ಎಲ್ಲಿರಬೇಕೆಂದು ಮಕ್ಕಳೇ ತೀರ್ಮಾನಿಸಲಿ. ಬಹುಮಾನ ಬೇಡ, ಬಹುಮಾನ ಇಟ್ಟ ಕೂಡಲೇ ಅಪ್ಪಂದಿರು ಚಿತ್ರ ಬರೆಯತೊಡಗುತ್ತಾರೆ!

ನಾನು ಕೆಲಸ ಮಾಡಿದ ಶಾಲೆಗೆ ಪತ್ರ ಬರೆದು, ಮುಂದಿನ ಏಪ್ರಿಲ್ಲಿಗೆ ಎರಡು ಕೊಠಡಿಗಳ ಬೀಗದ ಕೈ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ಮತ್ತೊಮ್ಮೆ ಬರೆಯುತ್ತೇನೆ. ಆ ವರ್ಷ ಲೋಯರ್ ಗ್ರೇಡ್ ಕಟ್ಟಿದ್ದ ಹನ್ನೊಂದು ಮಂದಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಹಳೆಯ ಹಾಳೆಗಳು ಅಟ್ಟದ ಮೇಲೆ ಉಳಿದಿದ್ದರೆ, ದಯವಿಟ್ಟು ನನಗೆ ತಿಳಿಸಿ. ಮೇಷ್ಟ್ರು ಮಗನ ಮನೆಯಲ್ಲಿದ್ದಾರೆ, ದೃಷ್ಟಿ ಮಂದವಾಗಿದೆಯಂತೆ. ಅವರನ್ನು ಕರೆತರುವ ಜವಾಬ್ದಾರಿ ನನ್ನದು.